ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಒಂದು ದಿನ: ರೈಲಿಳಿದು ಬೆಟ್ಟ ಹತ್ತುವವರಿಗೆ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಗರಗಳ ನಡುವೆ ಹಬ್ಬಿರುವ ಪೀಕ್ ಡಿಸ್ಟ್ರಿಕ್ಟ್, 1951ರ ಏಪ್ರಿಲ್‌ನಲ್ಲಿ ಘೋಷಣೆಯಾದ ಬ್ರಿಟನ್ನಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನ. ಸುಮಾರು 1,440 ಚದರ ಕಿಲೋಮೀಟರ್ ವಿಸ್ತಾರದ ಈ ಪ್ರದೇಶಕ್ಕೆ ನಾಗರಹೊಳೆ, ಬಂಡೀಪುರಗಳಲ್ಲಿರುವಂತೆ ಗೇಟು, ಪ್ರವೇಶ ಶುಲ್ಕ, ಸಫಾರಿ ಜೀಪು ಯಾವುದೂ ಇಲ್ಲ. ಉದ್ಯಾನದ ಒಳಗೇ ಊರುಗಳಿವೆ, ಕುರಿ ಸಾಕುವ ರೈತರಿದ್ದಾರೆ, ಒಂದು ಸಿಮೆಂಟ್ ಕಾರ್ಖಾನೆಯೂ ಹೊಗೆಯಾಡುತ್ತಿದೆ. ಓದಿಗೋ ಕೆಲಸಕ್ಕೋ ಇಂಗ್ಲೆಂಡಿಗೆ ಬಂದು, ಇನ್ನೂ ಕಾರು ಕೊಳ್ಳದೆ, ಶನಿವಾರ ಭಾನುವಾರಗಳಲ್ಲಿ ಎಲ್ಲಾದರೂ ನಡೆದು ಬರಬೇಕೆನ್ನುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ಕುಮಾರಪರ್ವತವನ್ನೋ ಕುದುರೆಮುಖವನ್ನೋ ಹತ್ತಿಳಿದವರಿಗೆ ಇಲ್ಲಿನ ಅತಿ ಎತ್ತರದ ಜಾಗವಾದ ಕಿಂಡರ್ ಸ್ಕೌಟ್‌ನ 636 ಮೀಟರ್ ಏನೇನೂ ಅನ್ನಿಸದಿರಬಹುದು. ಆದರೆ ಇಲ್ಲಿ ದಾರಿಗರನ್ನು ಪೇಚಿಗೆ ಸಿಕ್ಕಿಸುವುದು ಬೇಗ ಮುಗಿಯುವ ಬೆಳಕು, ಮೈ ಕೊರೆಯುವ ಗಾಳಿ, ಹತ್ತು ನಿಮಿಷದಲ್ಲಿ ಕವಿಯುವ ಮಂಜು ಮತ್ತು ಮೊಣಕಾಲಿನವರೆಗೆ ಹೂತುಕೊಳ್ಳುವ ಕಪ್ಪು ನೆಲ. ಆದ್ದರಿಂದ ದಿನದ ಯೋಜನೆಯನ್ನು ಬೆಳಿಗ್ಗೆಯಿಂದ ಮುಂದಕ್ಕೆ ಹಾಕುವ ಬದಲು, ಸಂಜೆ ಹಿಂತಿರುಗುವ ರೈಲಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರುವುದೇ ಸರಿಯಾದ ಕ್ರಮ.

ಮೊದಲು ಭಾಗವನ್ನೂ ತಿಂಗಳನ್ನೂ ಆರಿಸಿಕೊಳ್ಳಿ

ಈ ಉದ್ಯಾನ ನೆಲದ ಗುಣದಲ್ಲಿ ಎರಡು ಪಾಲಾಗಿದೆ. ಉತ್ತರದಲ್ಲಿಯೂ, ಪೂರ್ವ ಪಶ್ಚಿಮದ ಅಂಚುಗಳಲ್ಲಿಯೂ ಒರಟು ಮರಳುಗಲ್ಲಿನ ಮೇಲೆ ಪೀಟ್ ಹರಡಿಕೊಂಡಿರುವ ಬೋಳು ಪ್ರಸ್ಥಭೂಮಿಯಿದ್ದು, ಅದನ್ನು ಡಾರ್ಕ್ ಪೀಕ್ ಎನ್ನುತ್ತಾರೆ. ಸಾವಿರಾರು ವರ್ಷಗಳಿಂದ ಸತ್ತ ಗಿಡಗಂಟಿ ಪೂರ್ತಿ ಕೊಳೆಯದೆ ನೀರಿನಲ್ಲೇ ಕೂತು ಆದ ಕಪ್ಪು ಮಣ್ಣೇ ಪೀಟ್. ದಕ್ಷಿಣದಲ್ಲಿ ಸುಣ್ಣಕಲ್ಲಿನ ವೈಟ್ ಪೀಕ್ ಇದೆ. ಅಲ್ಲಿ ಹಸಿರು ಹುಲ್ಲುಗಾವಲು, ಬಿಳಿ ಕಲ್ಲಿನ ಗೋಡೆಗಳು, ತಿಳಿನೀರು ಹರಿಯುವ ಆಳವಾದ ಕಣಿವೆಗಳು. ಒಂದೇ ದಿನದಲ್ಲಿ ಎರಡನ್ನೂ ಮುಗಿಸುವ ಆಸೆಯನ್ನು ಬಿಡಬೇಕು. ಕ್ಯಾಸಲ್ಟನ್‌ನ ಗುಹೆ, ಚಾಟ್ಸ್‌ವರ್ತ್‌ನ ಅರಮನೆ, ಬೇಕ್‌ವೆಲ್‌ನ ಪುಡ್ಡಿಂಗ್ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದವರು ಕೊನೆಗೆ ನೋಡುವುದು ಬಸ್ ನಿಲ್ದಾಣಗಳನ್ನು ಮಾತ್ರ.

ತಿಂಗಳ ಆಯ್ಕೆ ಹೀಗೆ ಮಾಡಬಹುದು. ಮೇ ಮತ್ತು ಜೂನ್ ವೈಟ್ ಪೀಕ್‌ನ ಕಾಲ; ಲ್ಯಾತ್‌ಕಿಲ್ ಡೇಲ್‌ನ ಇಳಿಜಾರುಗಳಲ್ಲಿ ಕಾಡುಹೂಗಳು ಅರಳುತ್ತವೆ, ದಿನವೂ ರಾತ್ರಿ ಒಂಬತ್ತೂವರೆಯ ತನಕ ಬೆಳಗಿರುತ್ತದೆ. ಆಗಸ್ಟ್‌ನಲ್ಲಿ ಡಾರ್ಕ್ ಪೀಕ್‌ನ ಹೆದರ್ ಪೊದೆಗಳು ನೇರಳೆ ಬಣ್ಣಕ್ಕೆ ತಿರುಗಿ, ಅದೇ ಗುಡ್ಡಗಳ ಅಂಚಿನಲ್ಲಿ ಬಿಲ್‌ಬೆರಿ ಹಣ್ಣಾಗುತ್ತದೆ. ಅಕ್ಟೋಬರ್ ಜಿಂಕೆಗಳ ತಿಂಗಳು. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುವುದರಿಂದ, ಹೊಸಬರು ಆ ಸಮಯದಲ್ಲಿ ಕಣಿವೆಯ ನಡಿಗೆಗಳಿಗಷ್ಟೇ ತೃಪ್ತಿಪಡುವುದು ಒಳ್ಳೆಯದು. ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಹಿಂದಿನ ವಾರ ಆರಕ್ಕೆ ಆದ ಕತ್ತಲೆ ಈ ವಾರ ಐದಕ್ಕೇ ಆಗುತ್ತದೆ ಎಂಬುದನ್ನು ಮರೆತವರು ಟಾರ್ಚ್ ಇಲ್ಲದೆ ಬೆಟ್ಟದ ಮೇಲೆ ಉಳಿಯುತ್ತಾರೆ.

ರೈಲು, ನಕ್ಷೆ, ಲೆಕ್ಕ

ಮ್ಯಾಂಚೆಸ್ಟರ್ ಪಿಕಡಿಲಿಯಿಂದ ಶೆಫೀಲ್ಡ್‌ಗೆ ಹೋಗುವ ಹೋಪ್ ವ್ಯಾಲಿ ಮಾರ್ಗವೇ ಕಾರಿಲ್ಲದವರ ಪಾಲಿನ ಹೆಬ್ಬಾಗಿಲು. ಈಡೇಲ್, ಹೋಪ್, ಬ್ಯಾಮ್‌ಫರ್ಡ್, ಹ್ಯಾದರ್‌ಸೇಜ್, ಗ್ರಿಂಡಲ್‌ಫರ್ಡ್ ಎಂಬ ಐದು ಸಣ್ಣ ನಿಲ್ದಾಣಗಳು ಉದ್ಯಾನದ ನಡುಭಾಗದಲ್ಲಿಯೇ ಸಾಲಾಗಿವೆ, ಮತ್ತು ಪ್ರತಿಯೊಂದರಿಂದಲೂ ಕಾಲುದಾರಿಗಳು ನೇರ ಗುಡ್ಡಕ್ಕೆ ಹತ್ತುತ್ತವೆ. ವೇಗದ ರೈಲುಗಳು ಇಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ನಿಲ್ಲುವ ಗಾಡಿ ಯಾವುದೆಂದು ಮೊದಲೇ ನೋಡಿಕೊಂಡು, ಹಿಂತಿರುಗಲು ಒಂದಲ್ಲ ಎರಡು ಗಾಡಿಗಳ ಸಮಯವನ್ನು ಬರೆದಿಟ್ಟುಕೊಳ್ಳಿ. ಒಂದು ನಿಲ್ದಾಣದಲ್ಲಿ ಇಳಿದು, ಬೆಟ್ಟ ದಾಟಿ, ಇನ್ನೊಂದು ನಿಲ್ದಾಣದಲ್ಲಿ ಹತ್ತುವ ಸುಖ ಕಾರಿನವರಿಗೆ ಇಲ್ಲ. ಅವರು ಕಾರು ನಿಲ್ಲಿಸಿದ ಜಾಗಕ್ಕೇ ಮರಳಬೇಕು.

ನಕ್ಷೆಯ ವಿಷಯದಲ್ಲಿ ಜಿಪುಣತನ ಬೇಡ. ಆರ್ಡ್‌ನೆನ್ಸ್ ಸರ್ವೆ ಸಂಸ್ಥೆಯ ಎಕ್ಸ್‌ಪ್ಲೋರರ್ ಸರಣಿಯಲ್ಲಿ ಒಎಲ್ 1 ಡಾರ್ಕ್ ಪೀಕ್‌ಗೂ ಒಎಲ್ 24 ವೈಟ್ ಪೀಕ್‌ಗೂ ಸಲ್ಲುತ್ತವೆ. 1:25,000 ಅಳತೆಯ ಈ ನಕ್ಷೆಯಲ್ಲಿ ನಾಲ್ಕು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಹೊಲಗಳ ನಡುವಿನ ಪ್ರತಿ ಕಲ್ಲುಗೋಡೆಯೂ ಅದರಲ್ಲಿ ಗೆರೆಯಾಗಿ ಇರುತ್ತದೆ. ಮೊಬೈಲ್ ನಕ್ಷೆಯನ್ನು ಮುಂಚೆಯೇ ಇಳಿಸಿಟ್ಟುಕೊಳ್ಳಬಹುದಾದರೂ, ಈಡೇಲ್ ಕಣಿವೆಯಲ್ಲಿ ನೆಟ್‌ವರ್ಕ್ ಸಿಗುವುದು ಅಪರೂಪ, ಚಳಿಗೆ ಬ್ಯಾಟರಿಯೂ ಬೇಗ ಇಳಿಯುತ್ತದೆ. ಕಾಗದದ ನಕ್ಷೆ ಮತ್ತು ದಿಕ್ಸೂಚಿ ಚೀಲದಲ್ಲಿರಲೇಬೇಕು.

ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಸಮತಟ್ಟಿನ ಪ್ರತಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದಕ್ಕೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದರಲ್ಲಿ ಊಟ, ಫೋಟೊ, ಬೂಟಿನ ದಾರ ಕಟ್ಟುವುದು ಯಾವುದೂ ಸೇರಿಲ್ಲ. ಹೊಸಬರ ಗುಂಪಾದರೆ ಬಂದ ಉತ್ತರಕ್ಕೆ ಅದರ ಅರ್ಧದಷ್ಟು ಸೇರಿಸಿ, ಸಂಜೆಯ ರೈಲಿನ ಸಮಯದಿಂದ ಕಳೆದು, ನಿಲ್ದಾಣದ ಬಳಿ ಮುಕ್ಕಾಲು ಗಂಟೆ ಉಳಿಯುವಂತೆ ನೋಡಿಕೊಳ್ಳಿ. ಆಗ ಬೆಳಿಗ್ಗೆ ಎಷ್ಟು ಗಂಟೆಗೆ ನಡೆಯಲು ಶುರುಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ಎಲ್ಲಿ ನಡೆಯಬಹುದು

ಇಲ್ಲಿ ಅರಣ್ಯ ಇಲಾಖೆಯ ಅನುಮತಿಯಾಗಲಿ ಗೈಡ್ ಆಗಲಿ ಬೇಕಿಲ್ಲ. ಆ ಸೌಲಭ್ಯ ಸುಮ್ಮನೆ ಬಂದದ್ದಲ್ಲ. ಬೇಟೆಗೆಂದು ಶ್ರೀಮಂತರು ಕಾಯ್ದಿಟ್ಟಿದ್ದ ಕಿಂಡರ್ ಗುಡ್ಡದ ಮೇಲೆ 1932ರ ಏಪ್ರಿಲ್ 24ರಂದು ಬೆನ್ನಿ ರಾಥ್‌ಮನ್ ಮೊದಲಾದ ಕಾರ್ಮಿಕ ಯುವಕರು ಹೇಫೀಲ್ಡ್ ಕಡೆಯಿಂದ ಗುಂಪಾಗಿ ಹತ್ತಿದರು. ಕಾವಲುಗಾರರೊಡನೆ ಜಟಾಪಟಿಯಾಗಿ ಐವರು ಜೈಲಿಗೂ ಹೋದರು. ರಾಷ್ಟ್ರೀಯ ಉದ್ಯಾನಗಳಿಗೆ ದಾರಿಮಾಡಿದ ಕಾಯಿದೆ 1949ರಲ್ಲಿ ಬಂತು, ಬೋಳುಗುಡ್ಡಗಳಲ್ಲಿ ದಾರಿ ಬಿಟ್ಟೂ ಓಡಾಡುವ ಹಕ್ಕನ್ನು ಕೊಟ್ಟ ಕಾಯಿದೆ 2000ದಲ್ಲಿ. ನಕ್ಷೆಯಲ್ಲಿ ತಿಳಿಹಳದಿ ಬಣ್ಣ ತುಂಬಿರುವ ಜಾಗಗಳು ಹಾಗೆ ತೆರೆದಿರುವ ನೆಲ. ಉಳಿದೆಡೆ ಸಾರ್ವಜನಿಕ ಕಾಲುದಾರಿಯನ್ನು ಬಿಡುವಂತಿಲ್ಲ. ಕಂಬದ ಮೇಲಿನ ಹಳದಿ ಬಾಣ ನಡೆಯುವವರಿಗೆ, ನೀಲಿ ಬಾಣದ ದಾರಿಯಲ್ಲಿ ಕುದುರೆ ಮತ್ತು ಸೈಕಲ್ಲಿನವರೂ ಬರಬಹುದು.

ಕಲ್ಲುಗೋಡೆಗಳನ್ನು ದಾಟಲು ಕರಾವಳಿಯ ತಡಮೆಯಂಥ ಮೆಟ್ಟಿಲುಗಳಿರುತ್ತವೆ, ಇಲ್ಲವೇ ಗೇಟುಗಳಿರುತ್ತವೆ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ. ಕರುವಿರುವ ಹಸುಗಳ ನಡುವೆ ಹಾಯಬೇಡಿ. ನಮ್ಮೂರ ಹಸುವಿನ ಸಲಿಗೆಯನ್ನು ಇಲ್ಲಿನ ಮಾಂಸದ ತಳಿಗಳ ಮೇಲೆ ಪ್ರಯೋಗಿಸುವುದು ಅಪಾಯಕಾರಿ, ಪ್ರತಿ ವರ್ಷವೂ ಬ್ರಿಟನ್ನಿನಲ್ಲಿ ಹಸು ತುಳಿದು ಜನ ಗಾಯಗೊಳ್ಳುತ್ತಾರೆ. ಗುಡ್ಡದ ಮೇಲೆ ಒಲೆ, ಬಾರ್ಬೆಕ್ಯೂ ಹಚ್ಚುವುದು ಸಲ್ಲ. ಒಣಗಿದ ಪೀಟ್‌ಗೆ ಹತ್ತಿದ ಬೆಂಕಿ ನೆಲದೊಳಗೇ ದಿನಗಟ್ಟಲೆ ಹರಿದಾಡುತ್ತದೆ.

ಚೀಲದಲ್ಲಿ ಏನಿರಬೇಕು

ಜೀನ್ಸ್ ಮತ್ತು ಹತ್ತಿಯ ಬನಿಯನ್ ಬೇಡ. ಒಮ್ಮೆ ನೆನೆದ ಹತ್ತಿ ಗಾಳಿಯಲ್ಲಿ ಮೈಶಾಖವನ್ನೆಲ್ಲ ಹೀರುತ್ತದೆ. ಬೇಗ ಒಣಗುವ ಅಂಗಿ, ಅದರ ಮೇಲೊಂದು ಉಣ್ಣೆ ಅಥವಾ ಫ್ಲೀಸ್, ಎಲ್ಲಕ್ಕೂ ಮೇಲೆ ನೀರು ಹಾಯದ ಜಾಕೆಟ್, ಟೋಪಿ, ಕೈಗವಸು ಇರಲಿ. ಇವು ಜುಲೈನಲ್ಲಿಯೂ ಬೇಕು. ಅಟ್ಟೆಯಲ್ಲಿ ಆಳವಾದ ಹಲ್ಲಿರುವ ಬೂಟು, ಹಣೆಗೆ ಕಟ್ಟುವ ಟಾರ್ಚ್, ಸೀಟಿ, ಒಂದೂವರೆ ಲೀಟರ್ ನೀರು. ಊಟಕ್ಕೆ ಚಪಾತಿಯೊಳಗೆ ಪಲ್ಯ ಸುತ್ತಿಕೊಂಡು ಹೋಗುವುದಕ್ಕಿಂತ ಒಳ್ಳೆಯ ಉಪಾಯ ಕಾಣೆ: ಕೈಗವಸು ತೆಗೆಯದೆ ತಿನ್ನಬಹುದು, ಸಸ್ಯಾಹಾರಿಗಳಿಗೆ ಹಳ್ಳಿಯ ಅಂಗಡಿಯಲ್ಲಿ ಚೀಸ್ ಸ್ಯಾಂಡ್‌ವಿಚ್ ಬಿಟ್ಟು ಬೇರೇನೂ ಸಿಗದ ತಾಪತ್ರಯವೂ ತಪ್ಪುತ್ತದೆ. ಚಿತ್ರಾನ್ನವನ್ನು ಗಾಳಿ ತಟ್ಟೆಯಿಂದಲೇ ಎತ್ತಿಕೊಂಡು ಹೋಗುತ್ತದೆ.

ಮೊದಲ ನಡಿಗೆ: ಈಡೇಲ್‌ನಿಂದ ಹೋಪ್‌ಗೆ

ಹೊಸಬರು ಈಡೇಲ್ ನಿಲ್ದಾಣದಲ್ಲಿ ಇಳಿದು, ದಕ್ಷಿಣದ ಏಣಿನ ಮೇಲಿನ ಹಾಲಿನ್ಸ್ ಕ್ರಾಸ್ ಎಂಬ ತಗ್ಗಿಗೆ ಹತ್ತಿ, ಬಲಕ್ಕೆ ಮಾಮ್ ಟಾರ್ ತುದಿಯನ್ನು ಮುಟ್ಟಿ, ಅದೇ ಏಣಿನ ಮೇಲೆ ಹಿಂದಿರುಗಿ, ಬ್ಯಾಕ್ ಟಾರ್ ದಾಟಿ ಲೂಸ್ ಹಿಲ್ ಏರಿ, ಹೋಪ್ ನಿಲ್ದಾಣಕ್ಕೆ ಇಳಿಯುವುದು ಉತ್ತಮ. ಒಟ್ಟು ಹನ್ನೊಂದು ಕಿಲೋಮೀಟರ್ ಆಸುಪಾಸು. ಏರಿಳಿತ, ಊಟ ಸೇರಿ ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ. ಎಡಕ್ಕೂ ಬಲಕ್ಕೂ ಕಣಿವೆ ಕಾಣುವುದರಿಂದ ದಾರಿ ತಪ್ಪುವ ಸಂಭವ ಕಡಿಮೆ. ಉತ್ತರಕ್ಕೆ ಕಿಂಡರ್‌ನ ಕಪ್ಪು ಗೋಡೆ, ದಕ್ಷಿಣಕ್ಕೆ ವೈಟ್ ಪೀಕ್‌ನ ಹಸಿರು: ಎರಡು ಪಾಲುಗಳ ವ್ಯತ್ಯಾಸ ಒಂದೇ ಏಣಿನ ಮೇಲೆ ನಿಂತಾಗ ತಿಳಿಯುತ್ತದೆ.

517 ಮೀಟರ್ ಎತ್ತರದ ಮಾಮ್ ಟಾರ್ ಮೇಲೆ ಕಂಚಿನ ಯುಗದಿಂದ ಜನ ನೆಲೆಸಿದ್ದ ಕೋಟೆಯ ಮಣ್ಣಿನ ದಿಬ್ಬಗಳನ್ನು ಇಂದಿಗೂ ಗುರುತಿಸಬಹುದು. ಬೆಟ್ಟದ ಪೂರ್ವದ ಮೈ ಗಟ್ಟಿ ಮರಳುಗಲ್ಲಿನ ಅಡಿಯ ಮೆತ್ತನೆಯ ಶೇಲ್ ಪದರದಿಂದಾಗಿ ಸಾವಿರಾರು ವರ್ಷಗಳಿಂದ ಕುಸಿಯುತ್ತಲೇ ಇದೆ. ಅದರ ಬುಡದಲ್ಲಿ ಹಾಯುತ್ತಿದ್ದ ಹೆದ್ದಾರಿಯನ್ನು ಎಷ್ಟು ಸಲ ರಿಪೇರಿ ಮಾಡಿದರೂ ನಿಲ್ಲದೆ, 1979ರಲ್ಲಿ ವಾಹನಗಳಿಗೆ ಮುಚ್ಚಿಬಿಟ್ಟರು. ಸಮಯವಿದ್ದವರು ಕ್ಯಾಸಲ್ಟನ್ ಕಡೆಯಿಂದ ಹೋಗಿ ಅದನ್ನು ನೋಡಬೇಕು: ಒಂದಾಳೆತ್ತರಕ್ಕೆ ಮುರಿದು ಕೂತ ಡಾಂಬರು, ಅದರ ಮಗ್ಗುಲಲ್ಲಿ ಒಂದರ ಮೇಲೊಂದು ಸುರಿದ ಜಲ್ಲಿ ಡಾಂಬರಿನ ಪದರಗಳು, ಮಧ್ಯದ ಬಿಳಿಗೆರೆ ಒಂದೆಡೆ ನಿಂತು ಕೆಳಗೆ ಇನ್ನೊಂದೆಡೆ ಮತ್ತೆ ಶುರುವಾಗುವುದು. ಶನಿವಾರ ಮಧ್ಯಾಹ್ನ ಮಾಮ್ ಟಾರ್ ತುದಿಯಲ್ಲಿ ಜಾತ್ರೆಯಷ್ಟು ಜನ. ಬೆಳಿಗ್ಗೆ ಹತ್ತರೊಳಗೆ ತಲುಪುವವರಿಗೆ ಮಾತ್ರ ನಿಲ್ಲಲು ಜಾಗ. ಹಾಲಿನ್ಸ್ ಕ್ರಾಸ್‌ನ ಆಚೆಗೆ ಜನ ತೀರ ವಿರಳ.

ಎರಡನೆಯದು: ಕಿಂಡರ್

ಆ ಏಣನ್ನು ಸಲೀಸಾಗಿ ನಡೆದವರು ಮುಂದಿನ ಬಾರಿ ಉತ್ತರಕ್ಕೆ ತಿರುಗಬಹುದು. ಈಡೇಲ್‌ನಿಂದ ಅಪ್ಪರ್ ಬೂತ್ ಹಳ್ಳಿಯ ಮೂಲಕ ಸಾಗಿ, ಹಿಂದೆ ಹೇರುಕುದುರೆಗಳು ದಾಟುತ್ತಿದ್ದ ಕಿರಿದಾದ ಕಲ್ಲುಸೇತುವೆಯ ಬಳಿ ಜೇಕಬ್ಸ್ ಲ್ಯಾಡರ್ ಎಂಬ ಮೆಟ್ಟಿಲುದಾರಿಯನ್ನು ಹತ್ತಿದರೆ ಪ್ರಸ್ಥಭೂಮಿಯ ಅಂಚು ಸಿಗುತ್ತದೆ. ಈಡೇಲ್‌ನಿಂದ ಸ್ಕಾಟ್ಲೆಂಡಿನ ಗಡಿಯಾಚೆಗೆ 268 ಮೈಲಿ ಹೋಗುವ, 1965ರಲ್ಲಿ ತೆರೆದ ಪೆನ್ನೈನ್ ವೇ ಎಂಬ ದೂರದ ಕಾಲುದಾರಿಯೂ ಇದೇ. ಅಂಚಿಗೆ ಬಂದ ಮೇಲೆ ಬಲಕ್ಕೆ ಹೊರಳಿ, ನೋ ಸ್ಟೂಲ್, ಪಿಮ್ ಚೇರ್ ಬಂಡೆಗಳನ್ನೂ, ಗಾಳಿ ಮಳೆ ಕೊರೆದ ಕಲ್ಲುಗಳು ಕುರಿಮಂದೆಯಂತೆ ಗುಂಪುಗೂಡಿರುವ ವೂಲ್‌ಪ್ಯಾಕ್ಸ್ ಎಂಬ ಜಾಗವನ್ನೂ ದಾಟಿ, ಗ್ರಿಂಡ್ಸ್‌ಲೋ ನಾಲ್ ಗುಡ್ಡದಿಂದ ಈಡೇಲ್‌ಗೆ ಇಳಿಯಬಹುದು. ಹದಿಮೂರು ಹದಿನಾಲ್ಕು ಕಿಲೋಮೀಟರಿನ ಈ ಸುತ್ತಿಗೆ ಆರು ಗಂಟೆ ಬೇಕೆಂದೇ ಎಣಿಸಿ. ಪಕ್ಕದ ಗ್ರಿಂಡ್ಸ್‌ಬ್ರುಕ್ ಕೊರಕಲಿನಲ್ಲಿ ಇಳಿಯುವುದು ನಕ್ಷೆಯಲ್ಲಿ ಹತ್ತಿರವಾಗಿ ಕಂಡರೂ ಒದ್ದೆ ಬಂಡೆಗಳ ಮೇಲೆ ಕೈಯೂರಿ ಇಳಿಯಬೇಕಾಗುತ್ತದೆ. ದಣಿದ ಕಾಲಿಗೆ ಅದು ಹೇಳಿಮಾಡಿಸಿದ ದಾರಿಯಲ್ಲ.

ಅಂಚಿನ ದಾರಿಯನ್ನು ಬಿಟ್ಟು ನಡುವಿನ ಪೀಟ್‌ಗೆ ಇಳಿಯಬೇಡಿ ಎಂಬುದು ಕಿಂಡರ್‌ನ ಮಟ್ಟಿಗೆ ಒಂದೇ ಕಟ್ಟುನಿಟ್ಟಿನ ಮಾತು. ಪ್ರಸ್ಥಭೂಮಿಯ ಒಳಗೆ ಪೀಟ್ ಸೀಳಿ ಆದ ಕಾಲುವೆಗಳು ಆಳೆತ್ತರವಿರುತ್ತವೆ. ಒಂದರಿಂದ ಹತ್ತಿ ಇನ್ನೊಂದಕ್ಕೆ ಇಳಿಯುವಷ್ಟರಲ್ಲಿ ದಿಕ್ಕು ಕೈಬಿಡುತ್ತದೆ, ಮಂಜು ಕವಿದರೆ ಹೇಳುವುದೇ ಬೇಡ. ಎರಡು ಶತಮಾನಗಳ ಕಾರ್ಖಾನೆ ಹೊಗೆ ಇಲ್ಲಿನ ಪಾಚಿಯನ್ನೆಲ್ಲ ಸುಟ್ಟು ನೆಲವನ್ನು ಬತ್ತಲೆ ಮಾಡಿದ್ದರಿಂದಲೇ ಈ ಸವಕಳಿ ಇಷ್ಟು ಹೆಚ್ಚಿತು. ಈಗ ಕೊರಕಲುಗಳಿಗೆ ಸಣ್ಣ ಒಡ್ಡು ಕಟ್ಟಿ, ನೀರು ಹಿಡಿದಿಡುವ ಸ್ಫ್ಯಾಗ್ನಮ್ ಪಾಚಿಯನ್ನು ಕೈಯಿಂದ ನೆಡುತ್ತಿದ್ದಾರೆ. ಪೆನ್ನೈನ್ ವೇಯ ಕೆಸರಿನ ಪಾಲುಗಳಲ್ಲಿ ಹಾಸಿರುವ ಚಪ್ಪಡಿಗಳು ಕೆಡವಿದ ಹಳೆಯ ಹತ್ತಿ ಗಿರಣಿಗಳ ನೆಲಗಲ್ಲುಗಳು. ಲ್ಯಾಂಕಾಶೈರ್‌ನ ಇಂಥ ಗಿರಣಿಗಳಿಗಾಗಿಯೇ 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಅಮೆರಿಕದ ತಳಿಯ ಹತ್ತಿ ಬೆಳೆಸಿದ್ದನ್ನು ಇಲ್ಲಿ ನಡೆಯುವ ಉತ್ತರ ಕರ್ನಾಟಕದವರು ನೆನೆಸಿಕೊಳ್ಳಬಹುದು.

ಮೇಲೆ ತಲುಪುವ ಹೊತ್ತಿಗೆ ಮೋಡ ಇಳಿದಿದ್ದರೆ, ಅಥವಾ ನಿಗದಿ ಮಾಡಿಕೊಂಡ ಸಮಯ ಅರ್ಧ ಗಂಟೆಗಿಂತ ಹೆಚ್ಚು ಮೀರಿದ್ದರೆ, ಜೇಕಬ್ಸ್ ಲ್ಯಾಡರ್‌ನಲ್ಲಿಯೇ ಹಿಂದಿರುಗಿ.

ಪ್ರಾಣಿಪಕ್ಷಿಗಳನ್ನು ನೋಡುವ ಬಗೆ

ಆನೆ ಹುಲಿಗಳ ನಾಡಿನಿಂದ ಬಂದವರಿಗೆ ಇಲ್ಲಿ ಮೊದಲ ನೋಟಕ್ಕೆ ಕುರಿ ಬಿಟ್ಟರೆ ಏನೂ ಇಲ್ಲವೆನಿಸುತ್ತದೆ. ಕಣ್ಣು ಪಳಗಬೇಕು. ಇಂಗ್ಲೆಂಡಿನಲ್ಲಿ ಬೆಟ್ಟದ ಮೊಲಗಳು ನೆಲೆಸಿರುವುದು ಈ ಉದ್ಯಾನದ ಗುಡ್ಡಗಳಲ್ಲಿ ಮಾತ್ರ. ಬೇಟೆಯ ಶೋಕಿಗೆಂದು 19ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ತಂದು ಬಿಟ್ಟವುಗಳ ಸಂತತಿ ಅವು. ಬೇಸಿಗೆಯಲ್ಲಿ ಕಂದು, ಚಳಿಗಾಲದಲ್ಲಿ ಬಿಳಿ. ಹಿಮ ಕರಗಿದ ಮೇಲೂ ಬಿಳಿ ರೋಮ ಉಳಿದಿರುವ ಫೆಬ್ರವರಿ ಮಾರ್ಚ್‌ನಲ್ಲಿ ಅವುಗಳಿಗೆ ಅಡಗಲು ಬಣ್ಣವೇ ಇರುವುದಿಲ್ಲ. ಕಿಂಡರ್ ಅಥವಾ ಬ್ಲೀಕ್‌ಲೋ ಅಂಚಿನ ಕಲ್ಲುಗಳ ಗಾಳಿಮರೆಯ ಬದಿಯನ್ನು ದಾರಿಯ ಮೇಲೆ ನಿಂತೇ ದುರ್ಬೀನಿನಿಂದ ಸಾವಕಾಶವಾಗಿ ಹುಡುಕಿ: ಕಪ್ಪು ಪೀಟ್‌ನ ಮೇಲೆ ಮರೆತುಹೋದ ಹಿಮದ ತುಣುಕೆಂದು ತೋರಿದ್ದಕ್ಕೆ ಕಪ್ಪು ಕಿವಿತುದಿಗಳಿರುತ್ತವೆ, ಮುಖ ಆಗಲೇ ಕಂದಾಗತೊಡಗಿರುತ್ತದೆ. ಹತ್ತಿರ ಹೋದರೆ ಚಳಿಯಲ್ಲಿ ಅದು ಉಳಿಸಿಕೊಂಡ ಶಕ್ತಿಯನ್ನು ಓಡಿ ಕಳೆದುಕೊಳ್ಳುವಂತೆ ಮಾಡಿದಂತೆ.

ಹೆದರ್ ಪೊದೆಯಿಂದ ದಿಢೀರನೆ ಎದ್ದು ಬಯ್ಯುವಂತೆ ಕೂಗುತ್ತ ತಗ್ಗಿನಲ್ಲಿ ಹಾರುವ ದುಂಡು ಹಕ್ಕಿ ಕೆಂಪು ಗ್ರೌಸ್. ಆಗಸ್ಟ್ 12ರಿಂದ ಡಿಸೆಂಬರ್ 10ರವರೆಗೆ ಅದರ ಬೇಟೆ ಕಾನೂನುಬದ್ಧ. ಎಷ್ಟೋ ಗುಡ್ಡಗಳ ಹೆದರ್ ಚೌಕ ಚೌಕವಾಗಿ ಕಾಣುವುದು ಗ್ರೌಸ್‌ಗೆ ಎಳೆಚಿಗುರು ಸಿಗಲೆಂದು ಸರದಿಯ ಮೇಲೆ ಸುಟ್ಟಿರುವುದರಿಂದ. ಆಗಸ್ಟ್‌ನ ನೇರಳೆ ನೋಟವನ್ನು ನಿಸರ್ಗದ ಕೈಚಳಕವೆಂದು ಪೂರ್ತಿ ನಂಬಬೇಕಿಲ್ಲ. ವಸಂತದಲ್ಲಿ ಉದ್ದ ಬಾಗಿದ ಕೊಕ್ಕಿನ ಕರ್ಲ್ಯೂ ಗುಡ್ಡದ ಹುಲ್ಲಿನಲ್ಲಿ ಗೂಡು ಮಾಡಲು ಬರುತ್ತದೆ. ಎದೆಯ ಮೇಲೆ ಬಿಳಿ ಅರ್ಧಚಂದ್ರವಿರುವ ಕಪ್ಪು ಹಕ್ಕಿ ರಿಂಗ್ ಊಝಲ್ ಹ್ಯಾದರ್‌ಸೇಜ್ ಮೇಲಿನ ಸ್ಟಾನೇಜ್ ಎಡ್ಜ್‌ನ ಬಂಡೆಗಳಲ್ಲಿ ಗೂಡುಕಟ್ಟುತ್ತದೆ. ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳಿರುವುದರಿಂದ ಮಾರ್ಚ್ 1ರಿಂದ ಜುಲೈ 31ರವರೆಗೆ ತೆರೆದ ಗುಡ್ಡಗಳಲ್ಲಿ ನಾಯಿಗಳಿಗೆ ಹಗ್ಗ ಕಡ್ಡಾಯ.

ಕೆಂಪು ಜಿಂಕೆಗಳಿಗೆ ಗ್ರಿಂಡಲ್‌ಫರ್ಡ್ ನಿಲ್ದಾಣದಲ್ಲಿ ಇಳಿದು, ಪ್ಯಾಡ್ಲಿ ಗಾರ್ಜ್‌ನ ಪಾಚಿಗಟ್ಟಿದ ಓಕ್ ಕಾಡಿನಲ್ಲಿ ಹತ್ತಿ, ಲಾಂಗ್‌ಶಾ ದಾಟಿ ಬಿಗ್ ಮೂರ್‌ಗೆ ಹೋಗಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ತುಂಬ ಗಂಡುಗಳು ಹೆಣ್ಣಿಗಾಗಿ ಗುಟುರು ಹಾಕುವುದು ದೂರಕ್ಕೆ ಕೇಳುತ್ತದೆ. ನೂರು ಮೀಟರಿನ ಒಳಗೆ ಹೋಗದೆ, ಗಾಳಿಗೆ ಮುಖಮಾಡಿ ನಿಂತು ನೋಡಿ. ಅದೇ ಗುಡ್ಡಗಳಲ್ಲಿ ಬಿಸಿಲಿಗೆ ಮೈಕಾಯಿಸುವ ಆ್ಯಡರ್ ಬ್ರಿಟನ್ನಿನ ಏಕೈಕ ವಿಷದ ಹಾವು, ಮುಟ್ಟಹೋಗದಿದ್ದರೆ ತಂಟೆಯಿಲ್ಲ. ವೈಟ್ ಪೀಕ್‌ನ ಹೊಳೆಗಳಲ್ಲಿ ಡಿಪ್ಪರ್ ಹಕ್ಕಿಯನ್ನು ನೋಡದೆ ಬರಬಾರದು: ಬಿಳಿ ಎದೆಯ ಈ ಪುಟ್ಟ ಹಕ್ಕಿ ಕಲ್ಲಿನ ಮೇಲೆ ಕೂತು ಬಸ್ಕಿ ಹೊಡೆದಂತೆ ಮೇಲೆ ಕೆಳಗೆ ಆಡಿ, ನೀರೊಳಗೆ ಮುಳುಗಿ ತಳದಲ್ಲಿ ಹುಳು ಹುಡುಕಿ, ಮೈ ನೆನೆಯದವರಂತೆ ಮೇಲೆ ಬರುತ್ತದೆ.

ಅಪ್ಪ ಅಮ್ಮ ಊರಿಂದ ಬಂದಾಗ

ಆರು ತಿಂಗಳ ವೀಸಾದಲ್ಲಿ ಮಗನ ಮನೆಗೋ ಮಗಳ ಮನೆಗೋ ಬಂದ ಹಿರಿಯರಿಗೂ, ತಳ್ಳುಗಾಡಿಯಲ್ಲಿರುವ ಮಗುವಿಗೂ ಒಗ್ಗುವ ದಾರಿ ಮಾನ್ಸಲ್ ಟ್ರೇಲ್. 1968ರಲ್ಲಿ ಮುಚ್ಚಿದ ರೈಲುಹಾದಿಯ ಮೇಲೆ ಬೇಕ್‌ವೆಲ್‌ನಿಂದ ಪಶ್ಚಿಮಕ್ಕೆ ಎಂಟೂವರೆ ಮೈಲಿ ಸಾಗುವ ಈ ದಾರಿಯಲ್ಲಿ ಏರಿಲ್ಲ, ಕೆಸರಿಲ್ಲ, ತಡಮೆಯಿಲ್ಲ. 2011ರಲ್ಲಿ ತೆರೆದ ಹಳೆಯ ಸುರಂಗಗಳಲ್ಲಿ ಹಗಲು ದೀಪವಿರುತ್ತದೆ. ಒಳಗೆ ಬೇಸಿಗೆಯಲ್ಲೂ ತಣ್ಣಗಿರುವುದರಿಂದ ಅಮ್ಮನ ಶಾಲು ಕೈಗೆ ಸಿಗುವಂತಿರಲಿ. ವೈ ನದಿಯ ಮೇಲಿನ ಹೆಡ್‌ಸ್ಟೋನ್ ಸೇತುವೆಯ ತನಕ ಹೋಗಿ ಹಿಂತಿರುಗಿದರೂ ಸಾಕು. ಸೀರೆಯುಟ್ಟವರಿಗೂ ಕಷ್ಟವಿಲ್ಲ, ಚಪ್ಪಲಿ ಮಾತ್ರ ಬೇಡ. ಡವ್‌ಡೇಲ್‌ನ ದಾಟುಗಲ್ಲುಗಳು ಫೋಟೊಗಳಲ್ಲಿ ಚೆನ್ನ, ಆದರೆ ಬೇಸಿಗೆಯ ಭಾನುವಾರಗಳಲ್ಲಿ ಅಲ್ಲಿ ಸರದಿ ನಿಲ್ಲಬೇಕು. ಸವೆದು ನುಣುಪಾದ ಸುಣ್ಣಕಲ್ಲು ಒದ್ದೆಯಾದರೆ ಹಿರಿಯರಿಗೆ ತಕ್ಕದ್ದಲ್ಲ. ಬ್ಯಾಮ್‌ಫರ್ಡ್ ಬಳಿಯ ಲೇಡಿಬೋವರ್ ಜಲಾಶಯ 1940ರ ದಶಕದಲ್ಲಿ ಡರ್ವೆಂಟ್, ಆ್ಯಶಪ್ಟನ್ ಎಂಬ ಎರಡು ಹಳ್ಳಿಗಳನ್ನು ಮುಳುಗಿಸಿತು. 2018 ಮತ್ತು 2022ರಂಥ ಬರದ ವರ್ಷಗಳಲ್ಲಿ ಡರ್ವೆಂಟ್‌ನ ಗೋಡೆಗಳ ಅವಶೇಷ ಮೇಲೇಳುತ್ತದೆ, ಆಗ ದಡದಿಂದ ನೋಡಿ. ಒಣಗಿದಂತೆ ಕಾಣುವ ಕೆಸರಿನ ಮೇಲೆ ಕಾಲಿಡಬೇಡಿ.

ಎಡವಟ್ಟಾದರೆ

ಯಾರಾದರೂ ಬಿದ್ದು ನಡೆಯಲಾರದೆ ಹೋದರೆ 999ಕ್ಕೆ ಕರೆ ಮಾಡಿ, ಮೊದಲು ಪೊಲೀಸರನ್ನೂ ಅವರ ಮೂಲಕ ಮೌಂಟನ್ ರೆಸ್ಕ್ಯೂ ತಂಡವನ್ನೂ ಕೇಳಿ. ಸ್ವಯಂಸೇವಕರ ಈ ತಂಡಗಳು ಹಣ ಪಡೆಯುವುದಿಲ್ಲ, ಆದ್ದರಿಂದ ಸಂಕೋಚ ಬೇಡ. ಸಿಗ್ನಲ್ ಕರೆಗೆ ಸಾಲದಿದ್ದರೂ ಎಸ್ಸೆಮ್ಮೆಸ್ ಹೋಗಬಹುದು. ಅದಕ್ಕೆ ಮನೆಯಲ್ಲಿರುವಾಗಲೇ 999ಕ್ಕೆ ಇಂಗ್ಲಿಷಿನಲ್ಲಿ ‘ರಿಜಿಸ್ಟರ್’ ಎಂಬ ಒಂದು ಪದ ಕಳಿಸಿ ನೋಂದಾಯಿಸಿಕೊಂಡಿರಬೇಕು. ಅದೂ ಆಗದಿದ್ದರೆ ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು, ಮತ್ತೆ ಆರು ಸಲ.

ಮಲೆನಾಡಿನ ಇಂಬಳ ಇಲ್ಲಿನ ದಾರಿಗಳಲ್ಲಿ ಕಾಡುವುದಿಲ್ಲ, ಆದರೆ ಉಣುಗು ಇದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯ ಭಯವನ್ನು ಬಲ್ಲ ಶಿವಮೊಗ್ಗ ಕಡೆಯವರಿಗೆ ಹೆಚ್ಚು ಹೇಳಬೇಕಿಲ್ಲ. ಇಲ್ಲಿನ ಉಣುಗಿನಿಂದ ಬರಬಹುದಾದದ್ದು ಲೈಮ್ ಎಂಬ ಬೇರೆ ಕಾಯಿಲೆ. ಜರಿಗಿಡದ ಪೊದೆಗಳಲ್ಲಿ ನಡೆಯುವಾಗ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ರಾತ್ರಿ ಸ್ನಾನದ ಹೊತ್ತಿಗೆ ಮೊಣಕಾಲಿನ ಹಿಂಬದಿ, ತೊಡೆಸಂದು, ಕಂಕುಳು, ಮಕ್ಕಳಾದರೆ ಕೂದಲಿನ ಅಂಚನ್ನೂ ನೋಡಿ. ಕಚ್ಚಿಕೊಂಡಿದ್ದರೆ ಎಣ್ಣೆ, ಬೆಂಕಿಕಡ್ಡಿಗಳ ಮನೆಮದ್ದು ಮಾಡದೆ, ಸಣ್ಣ ಮೊನೆಯ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ಮುಂದಿನ ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಹರಡುವ ಮಚ್ಚೆಯೋ, ಕಾರಣವಿಲ್ಲದ ಜ್ವರ ಮೈಕೈ ನೋವೋ ಕಂಡರೆ ಜಿಪಿ ವೈದ್ಯರಲ್ಲಿಗೆ ಹೋಗಿ, ಯಾವ ದಿನ ಯಾವ ಗುಡ್ಡದಲ್ಲಿ ನಡೆದಿರೆಂಬುದನ್ನು ಹೇಳಿ. ಬೇಗ ಶುರುವಾದ ಆ್ಯಂಟಿಬಯೋಟಿಕ್‌ಗೆ ಈ ಕಾಯಿಲೆ ಬಗ್ಗುತ್ತದೆ.